ಡ್ರೆಸ್ಸಿಂಗ್ ರೂಮಿನ ದೇವರ ಗೂಡು

ಶಿದ್ರಾಮಪ್ಪ ಗೌಂಡಿಯ ಜೊತೆ ವಾದಕ್ಕಿಳಿದು ಗೆದ್ದವರನ್ನು ನಾನು ಜಮಖಂಡಿಯಲ್ಲಿ ಇನ್ನೂ ಕಂಡಿಲ್ಲ. ಮಾತಿನಲ್ಲಿ ಸೋಲುವ ಲಕ್ಷಣ ಕಂಡರೆ ಆತ ಎದ್ದು ಹೋಗಿ ಹತ್ತಿರದ ಗೋಡೆಯನ್ನು ಬೆರಳಿನಿಂದ ತಟ್ಟುತ್ತ ನಿಂತುಬಿಡುತ್ತಾನೆ. "ಟೊಳ್ಳೈತಿ" ಅಂದನೋ, ಮನೆಯ ಯಜಮಾನನ ಎದೆ ಧಸಕ್ ಅನ್ನುತ್ತದೆ. ಆಮೇಲೆ ವಾದ ಯಾರಿಗೆ ಬೇಕು? ನಾನು ಆತನನ್ನು ಕರೆಯುವುದು ಕಾಕಾ ಎಂದು. ಇಲ್ಲೂ ಹಾಗೇ ಬರೆಯುತ್ತೇನೆ.

ಕಾಕಾ ಮೂಲತಃ ರನ್ನ ಬೆಳಗಲಿಯವನು. ಹರೆಯದಲ್ಲೇ ಜಮಖಂಡಿಗೆ ಬಂದು, ಸಿಮೆಂಟು ಹೊರುತ್ತ ಹೊರುತ್ತ ಕರಣೆ ಹಿಡಿದವನು. ಬನಹಟ್ಟಿಯ ಮಗ್ಗದ ಶೆಡ್ಡು, ಮುಧೋಳದ ಕಿರಾಣಿ ಅಂಗಡಿ, ಬೀಳಗಿಯ ಖಾನಾವಳಿ, ಕಟ್ಟಿದ್ದು ಏನೇ ಇರಲಿ, ಒಳಗೊಂದು ಗೋಡೆಯಲ್ಲಿ ದೇವರಿಗೆಂದು ಗೂಡು ಬಿಡದೆ ಆತ ಕೆಲಸ ಮುಗಿಸಿದವನಲ್ಲ. ಮಾಲಕರು ಕೇಳಲಿ ಬಿಡಲಿ, ಗೂಡು ಇರಲೇಬೇಕು. ಮೇಲೆ ಸಣ್ಣ ಕಮಾನು, ಕೆಳಗೆ ಅಂಗೈ ಅಗಲದ ಚಾಚು. ಸುತ್ತಲಿನ ಊರುಗಳಲ್ಲಿ ಆ ಕಮಾನು ನೋಡಿ "ಇದು ಶಿದ್ರಾಮಪ್ಪಂದು" ಎಂದು ಹೇಳುವವರಿದ್ದಾರೆ. ಇನ್ನು ಸ್ವತಃ ಕಾಕಾನ ಮಾತು ಕೇಳಿದರೆ, ಗೂಡಿಲ್ಲದ ಮನೆ ಮನೆಯೇ ಅಲ್ಲ, ಪೆಟ್ಟಿಗೆ.

ಇಂಥ ಮನುಷ್ಯನಿಗೆ ಡಾಕ್ಟರ್ ಸಂಘಮಿತ್ರಾ ಆಸ್ಪತ್ರೆ ಕಟ್ಟುವ ಕೆಲಸ ಕೊಟ್ಟರು. ಅವರು ನಮ್ಮ ಗುರಪ್ಪ ಮಾಸ್ತರ ಮಗಳು, ಹೆರಿಗೆ ಡಾಕ್ಟರು. ಮುಧೋಳ ರೋಡಿಗೆ ಜಾಗ ತೆಗೆದುಕೊಂಡಿದ್ದರು. ಕೆಳಗಿನ ಔಷಧಿ ಅಂಗಡಿ ನನಗೇ ಸಿಗಲಿ ಅಂತ ನಾನು ಬುನಾದಿ ತೋಡುವಾಗಿನಿಂದ ದಿನಾ ಹೋಗಿ ಮುಖ ತೋರಿಸುತ್ತಿದ್ದೆ. ಹೀಗಾಗಿ ಅವರಿಬ್ಬರ ಜಗಳವೆಲ್ಲ ನನಗೆ ಪುಕ್ಕಟೆಯಾಗಿ ಕೇಳಲು ಸಿಕ್ಕಿತು.

ಮೊದಲನೆಯ ಜಗಳ ಮೂಲೆಯದು. ನೆಲ ಮತ್ತು ಗೋಡೆ ಕೂಡುವಲ್ಲಿ ಮೂಲೆಯೇ ಬೇಡ, ಬಟ್ಟಲಿನ ಒಳಮೈಯಂತೆ ಗುಂಡಗೆ ಬಾಗಿ ಬರಬೇಕು ಎಂದರು ಡಾಕ್ಟರು.

"ಮೂಲಿ ಇಲ್ಲಂದ್ರ ಕಸಬರಿಗಿ ಎಲ್ಲಿ ನಿಂದರಸ್ತೀರಿ ಬಾಯಾರ?" ಎಂದ ಕಾಕಾ.

"ಮೂಲ್ಯಾಗ ಹೊಲಸ ಕುಂಡರತೈತ್ರಿ ಕಾಕಾ. ಅರಬಿ ಹಾಕಿ ಒರಸಿದ್ರ ಅಲ್ಲಿ ಮುಟ್ಟಂಗಿಲ್ಲ. ಗುಂಡಗ ಇದ್ದರ ಒಂದ ಸಲಕ್ಕ ಬಂದಬಿಡತೈತಿ."

ಹೊಸ್ತಿಲು ಬೇಡ, ತಳ್ಳುಗಾಡಿ ಓಡಾಡಬೇಕು. ಕಿಟಕಿಗೆ ಒಳಚಾಚು ಬೇಡ, ಧೂಳು ಕೂರುತ್ತದೆ. ಕಿಟಕಿಗಳು ಎದುರುಬದುರು ಇರಲಿ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಲಿ. ಪ್ರತಿ ವಾರ್ಡಿನ ಬಾಗಿಲಲ್ಲೇ ಕೈ ತೊಳೆಯುವ ಬೇಸಿನ್. ಹೊಲಸು ಬಟ್ಟೆ ಹೊರಹೋಗಲು ಹಿಂದೆ ಬೇರೆಯದೇ ಬಾಗಿಲು. ಕಾಕಾ ಪ್ರತಿಯೊಂದಕ್ಕೂ ಗೋಡೆ ತಟ್ಟಲು ಹೋದ. ಆದರೆ ತಟ್ಟಲು ಅಲ್ಲಿ ಇನ್ನೂ ಗೋಡೆ ಎದ್ದಿರಲಿಲ್ಲ.

ಬೈಯುತ್ತಲೇ ಕಟ್ಟಿದ. ಕಟ್ಟುತ್ತ ಕಟ್ಟುತ್ತ ಆ ಕೆಲಸದ ಮೋಹಕ್ಕೇ ಬಿದ್ದ. ಮೂಲೆಯ ಬಾಗು ಕೈಗೆ ಹಿಡಿಸಲೆಂದು ಒಂದು ಬಾಟಲಿಯ ಹೊಟ್ಟೆಯಿಂದ ಹಸಿ ಸಿಮೆಂಟನ್ನು ಒತ್ತಿ ಒತ್ತಿ ಎಳೆದ. ಮುಗಿದ ಮೇಲೆ ದಾರಿಯಲ್ಲಿ ಹೋಗುವವರನ್ನೂ ಕರೆದು ನೆಲಕ್ಕೆ ಒಂದು ತಂಬಿಗೆ ನೀರು ಸುರಿದು ತೋರಿಸುತ್ತಿದ್ದ. ನೀರು ಎಲ್ಲೂ ನಿಲ್ಲದೆ ಹರಿದು ಹೋದರೆ ಸಾಕು, ಆತ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ.

ಎಲ್ಲ ಒಪ್ಪಿಕೊಂಡ, ಗೂಡೊಂದನ್ನು ಬಿಟ್ಟು. ಡಾಕ್ಟರು ಎರಡು ದಿನ ಊರಲ್ಲಿ ಇರಲಿಲ್ಲ. ತಿರುಗಿ ಬರುವಷ್ಟರಲ್ಲಿ ಡ್ರೆಸ್ಸಿಂಗ್ ರೂಮಿನ ಬೇಸಿನ್ನಿನ ಪಕ್ಕದಲ್ಲೇ ಕಮಾನಿನ ಗೂಡು ಎದ್ದಿತ್ತು. ಹೊಲಿಗೆ ಹಾಕಿದ ಗಾಯಗಳಿಗೆ ಔಷಧಿ ಹಚ್ಚಿ ಪಟ್ಟಿ ಕಟ್ಟುವ ಕೋಣೆ ಅದು. ಅಲ್ಲೇ ಯಾಕೆ ಎಂದು ಕೇಳಿದರೆ ಕಾಕಾನ ಉತ್ತರ ತಯಾರಿತ್ತು. "ದೇವರನ್ನ ಮುಟ್ಟೂ ಮೊದಲ ಕೈ ತೊಳಕೋಬೇಕಲ್ರಿ? ಅದಕ್ಕ ನಳದ ಬಾಜೂಕ ಇಟ್ಟೇನಿ."

ಡಾಕ್ಟರು ಹಣೆ ಒತ್ತಿಕೊಂಡರು. ಆದರೆ ವಾಸ್ತುಶಾಂತಿ ಹತ್ತಿರ ಬಂದಿತ್ತು, ಹಿರಿಯನ ಮನಸ್ಸು ಮುರಿಯುವುದು ಅವರಿಗೂ ಬೇಡವಾಗಿತ್ತು. ಕಾಕಾ ತಾನೇ ಶ್ರೀಶೈಲ ಮಲ್ಲಯ್ಯನ ಫೋಟೋ ತಂದಿಟ್ಟು ದೀಪ ಹಚ್ಚಿದ. ಆಮೇಲೆ ದೀಪ ಬೇಡ, ಸ್ಪಿರಿಟ್ ಇರುವ ಕೋಣೆ ಎಂದು ಡಾಕ್ಟರು ನಿಲ್ಲಿಸಿದರು. ಫೋಟೋ ಉಳಿಯಿತು. ಒಂದು ಗ್ಲಾಸು ನೀರಿನಲ್ಲಿ ಹೂವೂ ಉಳಿಯಿತು.

ಆಸ್ಪತ್ರೆ ಚೆನ್ನಾಗಿಯೇ ನಡೆಯಿತು, ಕೆಳಗಿನ ಅಂಗಡಿಯೂ ನನಗೇ ಸಿಕ್ಕಿತು. ಸ್ವಚ್ಛತೆಯ ಕೆಲಸ ಅನಸವ್ವನದು. ಅವಳ ಕೈಕೆಳಗೆ ನೆಲ ಫಳಫಳ ಅನ್ನುತ್ತಿತ್ತು. ಸ್ವಚ್ಛ ಇರುವ ಕಡೆಯಿಂದ ಹೊಲಸಿರುವ ಕಡೆಗೆ ಒರೆಸಬೇಕು, ಒಂದು ಕೋಣೆಯ ಬಟ್ಟೆ ಇನ್ನೊಂದಕ್ಕೆ ಹೋಗಬಾರದು, ಬಾಗಿಲ ಹಿಡಿಕೆ, ಮಂಚದ ಸರಳು ಬಿಡಬಾರದು ಎಂದು ಡಾಕ್ಟರು ಕಲಿಸಿದ್ದನ್ನೆಲ್ಲ ಅವಳು ತಪ್ಪದೆ ಮಾಡುತ್ತಿದ್ದಳು. ಮಂಚದ ಮೇಲೆ ಕೂರಲು ಬಂದ ಬೀಗರನ್ನು ಅವಳು ಎಬ್ಬಿಸುವ ಪರಿ ನೋಡಲು ನಾನು ಕೆಲವೊಮ್ಮೆ ಅಂಗಡಿ ಬಿಟ್ಟು ಮೇಲೆ ಹೋದದ್ದುಂಟು.

ಒಂದು ಮಳೆಗಾಲದಲ್ಲಿ ತೊಂದರೆ ಶುರುವಾಯಿತು. ಸಿಜೇರಿಯನ್ ಆದ ಕೆಲವು ಬಾಣಂತಿಯರ ಹೊಲಿಗೆ ಕೀವಾಗತೊಡಗಿತು. ಮನೆಗೆ ಹೋದವರು ಜ್ವರ ಹೊತ್ತು ತಿರುಗಿ ಬಂದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಆದರೆ ಹಾಲುಣ್ಣುವ ಕೂಸನ್ನು ಪಕ್ಕಕ್ಕಿಟ್ಟು ನೋವಿಗೆ ಹಲ್ಲು ಕಚ್ಚುವ ಹೆಣ್ಣುಮಕ್ಕಳನ್ನು ನೋಡಿದರೆ ಕರುಳು ಚುರ್ ಎನ್ನುತ್ತಿತ್ತು. ಊರು ಸುಮ್ಮನಿರುತ್ತದೆಯೇ? ಕಟ್ಟಡ ಆಗಿಬರುತ್ತಿಲ್ಲ, ಶಿದ್ರಾಮಪ್ಪ ಮೂಲೆ ಇಲ್ಲದ ಮನೆ ಕಟ್ಟಿ ಬಾಧೆ ತಂದಿಟ್ಟ ಎಂದು ಚಹಾದಂಗಡಿಗಳಲ್ಲಿ ತೀರ್ಪು ಬಂತು.

ಅದೇ ಹೊತ್ತಿಗೆ ಕಾಕಾನ ಒಬ್ಬಳೇ ಮಗಳು ದಾನೇಶ್ವರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಅಡ್ಡ ತಿರುಗಿದೆ, ಆಪರೇಶನ್ನೇ ಆಗಬೇಕು ಎಂದಿದ್ದರು. ಕಾಕಾನ ಹೆಂಡತಿ ರತ್ನಾಬಾಯಿ ವಿಜಯಪುರಕ್ಕೆ ಕರೆದುಕೊಂಡು ಹೋಗೋಣ ಎಂದು ಪಟ್ಟು ಹಿಡಿದಳು. ಹೋದರೆ, ತಾನು ಕಟ್ಟಿದ ಆಸ್ಪತ್ರೆ ಕೆಟ್ಟದ್ದು ಎಂದು ಕಾಕಾನೇ ಊರ ಮುಂದೆ ಒಪ್ಪಿಕೊಂಡಂತೆ. ಹೋಗದಿದ್ದರೆ ಮಗಳ ಹೊಟ್ಟೆಯ ಹೊಲಿಗೆ. ಗೋಡೆ ತಟ್ಟಿ ತಪ್ಪಿಸಿಕೊಳ್ಳುವ ವಾದವಲ್ಲ ಇದು.

ಡಾಕ್ಟರು ಕೈಕಟ್ಟಿ ಕೂತಿರಲಿಲ್ಲ. ಆಪರೇಶನ್ನುಗಳನ್ನು ನಿಲ್ಲಿಸಿ, ನಳ, ತಳ್ಳುಗಾಡಿ, ಮಂಚ, ಔಷಧಿ ಬಾಟಲಿಗಳ ಮುಚ್ಚಳ, ಎಲ್ಲವನ್ನೂ ಹತ್ತಿಕಡ್ಡಿಯಿಂದ ಒರೆಸಿ ಲ್ಯಾಬಿಗೆ ಕಳಿಸಿದರು. ವರದಿ ಬಂದ ದಿನ ಕಾಕಾನಿಗೂ ನನಗೂ ಡ್ರೆಸ್ಸಿಂಗ್ ರೂಮಿಗೆ ಬರಲು ಹೇಳಿದರು. ಬಾಣಂತಿಯರ ಕೀವಿನಲ್ಲಿದ್ದ ಕ್ರಿಮಿಯೇ ದೇವರ ಗೂಡಿನ ಚಾಚಿನಲ್ಲೂ, ಹೂವಿನ ಗ್ಲಾಸಿನ ನೀರಿನಲ್ಲೂ ಸಿಕ್ಕಿತ್ತು.

"ಪ್ರೀತಿ, ನೀ ದಿನಾ ಹೆಂಗ ಮಾಡ್ತಿ, ಹಂಗ ಮಾಡಿ ತೋರಸವ್ವಾ" ಎಂದರು ಡಾಕ್ಟರು ನರ್ಸಿಗೆ.

ಪ್ರೀತಿ ಸಿಸ್ಟರ್ ಸಾಬೂನು ಹಚ್ಚಿ, ಬೆರಳ ಸಂದಿ ಬಿಡದೆ, ಪುಸ್ತಕದಲ್ಲಿ ಬರೆದ ಹಾಗೆ ಕೈ ತೊಳೆದಳು. ತೊಳೆದ ಕೈಯಿಂದ ಗೂಡಿನ ಚಾಚು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಗಾಯದ ಪಟ್ಟಿಯ ಕಡೆ ಕೈ ಚಾಚಿದವಳು ಅಲ್ಲೇ ನಿಂತಳು.

"ತಪ್ಪು ನಿನ್ನೊಬ್ಬಾಕಿದಲ್ಲ. ನಾನೂ ಮುಟ್ಟೇನಿ" ಎಂದರು ಡಾಕ್ಟರು. "ಬಂದವರು ಎಲ್ಲಾರೂ ಮುಟ್ಟತಾರ. ಬಾಣಂತೇರು, ಅವರ ಅತ್ತಿದೇರು, ಎಲ್ಲಾರೂ."

ಬಾಗಿಲಲ್ಲಿದ್ದ ಅನಸವ್ವ ಕಕ್ಕಾಬಿಕ್ಕಿಯಾದಳು. "ನೆಲಾ ಒರಸೂ ಅರಬಿ ದೇವರಿಗೆ ಹೆಂಗ ಹಚ್ಚಲಿರಿ ಬಾಯಾರ? ಸೋಮವಾರ ಜಳಕಾ ಮಾಡಿ ಬ್ಯಾರೆ ಅರಬಿಲೆ ಒರಸಬೇಕಂತ ಅಂದಕೊಂಡಿದ್ನಿ. ಸೋಮವಾರ ಬಂತಂದ್ರ ಇಲ್ಲಿ ಕಾಲಿಡಾಕ ಜಾಗ ಇರಂಗಿಲ್ಲ."

ಅವಳನ್ನು ಯಾರೂ ಬೈಯಲಿಲ್ಲ. ಕಾಲ ಕೆಳಗಿನ ಬಟ್ಟೆಯನ್ನು ದೇವರಿಗೆ ಹಚ್ಚುವ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಇಡೀ ಆಸ್ಪತ್ರೆಯಲ್ಲಿ ಔಷಧಿ ಬೀಳದ ಜಾಗ ಅದೊಂದೇ, ಎಲ್ಲರ ಕೈ ಬೀಳುವ ಜಾಗವೂ ಅದೊಂದೇ.

"ಇದೊಂದ ಕಾರಣ ಅಂತ ನಾ ಆಣಿ ಮಾಡಿ ಹೇಳಂಗಿಲ್ಲ ಕಾಕಾ. ಆದ್ರ ಇದನ್ನ ಮುಚ್ಚಬೇಕ್ರಿ. ಫೋಟೋ ಕೆಳಗ ಬಾಗಿಲದಾಗ ಇಡೂಣು" ಎಂದರು ಡಾಕ್ಟರು.

"ದೀಪಾ ಹಚ್ಚಿದ ಗೂಡು ಮುಚ್ಚೂ ಪದ್ಧತಿ ಇಲ್ರಿ ನಮ್ಮಲ್ಲಿ" ಎಂದ ಕಾಕಾ. ಧ್ವನಿ ಎತ್ತರಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಡಾಕ್ಟರು ಬೇರೆ ಗೌಂಡಿಗಳಿಗೆ ಹೇಳಿ ಕಳಿಸಿದರೆ ಒಬ್ಬನೂ ಬರಲಿಲ್ಲ. ಗೂಡು ದೇವರದು, ಕೆಲಸ ಶಿದ್ರಾಮಪ್ಪನದು, ಎರಡಕ್ಕೂ ಕೈ ಹಚ್ಚುವ ಧೈರ್ಯ ಯಾರಿಗಿದೆ?

ಮರುದಿನ ಮಧ್ಯಾಹ್ನ ಕಾಕಾ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಬೈಗಳಿಲ್ಲ, ಹಾಳು ಹರಟೆಯಿಲ್ಲ. ನನಗೆ ಹೆದರಿಕೆಯಾಯಿತು.

"ದಾನವ್ವ ವಿಜಾಪುರಕ್ಕ ಬರಂಗಿಲ್ಲ ಅಂತಾಳ" ಎಂದ. "ಅಪ್ಪಾ, ನೀ ಕಟ್ಟಿದ್ದು ಛಲೋ ಐತಿ ಅಂತಿ ಹೌದಿಲ್ಲೋ, ನಾ ಅಲ್ಲೇ ಹಡೀತೇನಿ ಅಂದ್ಳು. ಅವರವ್ವ ಅಳಾಕತ್ತಾಳ."

ನಾನು ಚಹಾ ತರಿಸಿದೆ. ಅದು ತಣ್ಣಗಾಯಿತು.

"ಬಾಳೇಶಾ, ಖರೆ ಹೇಳು. ದೇವರ ಗೂಡಿನ್ಯಾಗ ಹೊಲಸ ಇರತೈತೇನು?"

"ಅಲ್ಲಿ ಇರೂದು ನಮ್ಮ ಕೈ, ಕಾಕಾ. ಒಬ್ಬರ ಕೈಯಾಗಿಂದು ಅಲ್ಲಿ ಉಳೀತೈತಿ, ಇನ್ನೊಬ್ಬರ ಕೈಗೆ ಹತ್ತಿ ಗಾಯಕ್ಕ ಹೋಗತೈತಿ."

"ಹಂಗಾರ ದೇವರದೇನೂ ತಪ್ಪಿಲ್ಲ."

"ದೇವರದೇನೂ ಇಲ್ಲ."

ಕಾಕಾ ತನ್ನ ಅಂಗೈ ನೋಡಿಕೊಂಡ. ಸಿಮೆಂಟು ತಿಂದು ಬಿರುಕು ಬಿಟ್ಟ ಕೈ. ಜನ್ಮವಿಡೀ ಗೂಡು ಕಟ್ಟಿದ ಕೈ. ಆ ಗೂಡನ್ನು ಮುಚ್ಚು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆತನೂ ಹೇಳಿಸಿಕೊಳ್ಳಲು ಕಾಯಲಿಲ್ಲ.

ಸಂಜೆಗೆ ಒಂದು ಬುಟ್ಟಿ ಇಟ್ಟಿಗೆ ಚೂರು ಮತ್ತು ಸಿಮೆಂಟು ಹಿಡಿದು ಬಂದ. ಅನಸವ್ವ ಜಳಕ ಮಾಡಿ ಮಲ್ಲಯ್ಯನ ಫೋಟೋವನ್ನು ಸೆರಗಿನಲ್ಲಿ ಹಿಡಿದು ಕೆಳಗೆ ತಂದಳು. ಅದು ಈಗ ನನ್ನ ಅಂಗಡಿಯ ಬಾಗಿಲ ಮೇಲಿದೆ. ಮುಟ್ಟಲು ಎಟುಕುವುದಿಲ್ಲ, ಕೈ ಮುಗಿಯಲು ಅಡ್ಡಿಯಿಲ್ಲ. ಕಾಕಾ ಚಾಚನ್ನು ಒಡೆಯುವ ಮುಂಚೆ ಗೂಡಿಗೆ ಹಣೆ ಹಚ್ಚಿದ. ಆಮೇಲೆ ಕಮಾನು ಕಿತ್ತು, ಇಟ್ಟಿಗೆ ತುಂಬಿ, ಸಿಮೆಂಟಿನ ಗಿಲಾವು ಎಳೆದ. ತನ್ನ ಗುರುತನ್ನು ತಾನೇ ಅಳಿಸುತ್ತಿದ್ದರೂ ಕೆಲಸದಲ್ಲಿ ಮಾತ್ರ ಲೋಪ ಮಾಡಲಿಲ್ಲ. ಬಣ್ಣ ಬಳಿದ ಮೇಲೆ ಗೂಡು ಎಲ್ಲಿತ್ತೆಂದು ಹುಡುಕಿದರೂ ಸಿಗುವ ಹಾಗಿರಲಿಲ್ಲ.

ಕೋಣೆಗಳನ್ನೆಲ್ಲ ತೊಳೆದು, ಮತ್ತೊಮ್ಮೆ ಲ್ಯಾಬಿಗೆ ಕಳಿಸಿ, ಏನೂ ಇಲ್ಲ ಎಂದು ಬಂದ ಮೇಲೆ ಡಾಕ್ಟರು ಆಪರೇಶನ್ ಶುರು ಮಾಡಿದರು. ಮೊದಲ ಸರದಿ ದಾನೇಶ್ವರಿಯದೇ ಆಯಿತು. ಹೆಣ್ಣು ಕೂಸು, ಅಜ್ಜನದೇ ಗಂಟಲು. ರತ್ನಾಬಾಯಿ ಎತ್ತಿದಳು, ಬೀಗರು ಎತ್ತಿದರು. ಕಾಕಾ ಮಾತ್ರ ಬಾಗಿಲಲ್ಲೇ ನಿಂತ.

"ಹೊಲಿಗಿ ವಣಗೂತನಕಾ ನಾ ಕೂಸಿನ್ನ ಮುಟ್ಟಂಗಿಲ್ಲ" ಎಂದ. ಯಾರು ಎಷ್ಟು ಹೇಳಿದರೂ ಕೇಳಲಿಲ್ಲ. ದಿನಾ ಬಂದು, ಜ್ವರ ಬಂತೇನು ಎಂದು ಪ್ರೀತಿ ಸಿಸ್ಟರನ್ನು ಕೇಳಿ, ಇಲ್ಲ ಎನಿಸಿಕೊಂಡು, ನಂಬದೆ, ನನ್ನ ಅಂಗಡಿಗೆ ಬಂದು ಮತ್ತೆ ಕೇಳುತ್ತಿದ್ದ.

ಹೊಲಿಗೆ ಬಿಚ್ಚುವ ದಿನ ಪಟ್ಟಿಯ ಬಟ್ಟೆ ಕೊಡುವ ನೆಪದಲ್ಲಿ ನಾನೂ ಮೇಲೆ ಹೋದೆ. ಡ್ರೆಸ್ಸಿಂಗ್ ರೂಮಿನ ಪರದೆಯ ಆಚೆ ಡಾಕ್ಟರು, ದಾನೇಶ್ವರಿ. ಈಚೆ ಕೂಸನ್ನು ಹಿಡಿದ ರತ್ನಾಬಾಯಿ, ಬೇಸಿನ್ನಿನ ಹತ್ತಿರ ಕಾಕಾ.

"ವಣಗೈತ್ರಿ ಕಾಕಾ" ಎಂಬ ಡಾಕ್ಟರ ದನಿ ಬಂತು. "ಛಲೋ ವಣಗೈತಿ."

ಕಾಕಾ ತಿರುಗಿ ನಳ ಬಿಟ್ಟು ಕೈ ತೊಳೆದ, ಬಹಳ ಹೊತ್ತು ತೊಳೆದ. ಒರೆಸಿಕೊಂಡ ಕೈ ತಾನಾಗಿಯೇ ಪಕ್ಕದ ಗೋಡೆಯತ್ತ ಹೋಗಿ ಅರ್ಧಕ್ಕೇ ನಿಂತಿತು. ಅಲ್ಲಿ ಬರೀ ಗೋಡೆಯಿತ್ತು. ಎರಡೂ ಕೈ ಮುಂದೆ ಹಿಡಿದುಕೊಂಡು, ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಆತ ನಿಂತಿದ್ದ. ರತ್ನಾಬಾಯಿ ಬಂದು ಆ ಕೈಗಳಲ್ಲಿ ಮೊಮ್ಮಗಳನ್ನಿಟ್ಟಳು. ಕಾಕಾ ಬಗ್ಗಿ ಕೂಸಿನ ಪಾದವನ್ನು ಕಣ್ಣಿಗೊತ್ತಿಕೊಂಡ.