ಯಮುನಕ್ಕನ ಹೊಡೆದಾಟದ ಭಾನುವಾರಗಳು

ಯಮುನಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೈಯುತ್ತಿದ್ದಳು. ತುಟಿಗಳ ನಡುವೆ ಐದಾರು ಸೂಜಿ, ಅವುಗಳ ಸಂದಿಯಿಂದ ಮಾತು. ಒಂದು ಸೂಜಿಯೂ ಕೆಳಗೆ ಬೀಳುತ್ತಿರಲಿಲ್ಲ, ಒಂದು ಮಾತೂ ಗುರಿ ತಪ್ಪುತ್ತಿರಲಿಲ್ಲ. ಈಗ ಅವಳಿಲ್ಲ. ಕುಮಟೆಯ ಹೆಂಗಸರು ನನ್ನ ಅಂಗಡಿಗೆ ಬಂದಾಗ ಅವಳ ಒಳ್ಳೆಯತನದ ಕಥೆ ತೆಗೆದು, ನಾನೂ ಹೂಂಗುಟ್ಟಲಿ ಎಂದು ಕಾಯುತ್ತಾರೆ. ನಾನು ಹೂಂಗುಟ್ಟುವುದಿಲ್ಲ. ಮೂರು ವರ್ಷ ಅವಳ ಕೈಕೆಳಗೆ ಹೊಲಿದವಳು ನಾನು. ನಾಲ್ಕು ವರ್ಷ ಅವಳ ಎದುರಿಗೇ ಅಂಗಡಿ ಹಾಕಿ ಹೊಲಿದವಳೂ ನಾನೇ.

ಹೆಬಳೆಯ ಗಂಡನ ಮನೆ ಬಿಟ್ಟು ಅಘನಾಶಿನಿಯ ತವರಿಗೆ ಬಂದು ಕೂತಾಗ ನನಗೆ ಮೂವತ್ತೆರಡು ವರ್ಷ. ನೇರ ಹೊಲಿಗೆ ಬರುತ್ತಿತ್ತು, ಬ್ಲೌಸ್ ಕಟಿಂಗ್ ಬರುತ್ತಿರಲಿಲ್ಲ. ಅಮ್ಮನ ಜೊತೆ ಹೊಳೆಗಿಳಿದು ಬಳಚಿನ ಚಿಪ್ಪು ಹೆಕ್ಕುವುದಕ್ಕಿಂತ ವಾಸಿ ಎಂದು ಕುಮಟೆಯ ಓಣಿಯೊಂದರಲ್ಲಿದ್ದ ಯಮುನಕ್ಕನ ಟೇಲರ್ ಅಂಗಡಿ ಸೇರಿದೆ. ಐವತ್ತು ದಾಟಿದ, ಮದುವೆಯಾಗದ, ಕಡ್ಡಿಯಂಥ ಹೆಂಗಸು. ಮೊದಲ ಭಾನುವಾರ ಬೆಳಿಗ್ಗೆ ಹೋದರೆ, ಅವಳ ಮಷಿನ್ ಮೇಲೆ ನೂಲಿನ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಇಬ್ಬರು ಗಂಡಸರು ಬಲೆಯ ಪಂಜರದೊಳಗೆ ಒಬ್ಬರನ್ನೊಬ್ಬರು ಗುದ್ದುತ್ತಿದ್ದರು. ಒಬ್ಬನ ಹುಬ್ಬು ಒಡೆದು ಮುಖವೆಲ್ಲ ರಕ್ತ. ಯಮುನಕ್ಕ ಸೀರೆಗೆ ಫಾಲ್ ಹಚ್ಚುತ್ತ ನೋಡುತ್ತಿದ್ದಳು.

ಅದಕ್ಕೆ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಗುದ್ದು, ಒದೆ, ಕುಸ್ತಿ, ಕತ್ತು ಹಿಸುಕುವುದು, ಎಲ್ಲ ಸೇರಿದ ಆಟ. ಸಾಕು ಎನಿಸಿದವರು ಎದುರಾಳಿಯ ಮೈಮೇಲೆ ಅಂಗೈ ತಟ್ಟಿದರೆ ಅಲ್ಲಿಗೆ ಮುಗಿಯಿತು. ಅಮೆರಿಕದ ಶನಿವಾರ ರಾತ್ರಿ ನಮಗೆ ಭಾನುವಾರ ಬೆಳಿಗ್ಗೆಯಾದ್ದರಿಂದ ಅಂದು ಅವಳು ಅಂಗಡಿಯನ್ನು ಬೇಗ ತೆರೆಯುತ್ತಿದ್ದಳು. ಮನೆಯಲ್ಲಿ ಸಿಗ್ನಲ್ ಬರುತ್ತಿರಲಿಲ್ಲ. ಆಟಗಾರರ ಹೆಸರು ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲ. ಉದ್ದಕಾಲ, ಬೋಳ, ಚಪ್ಪೆಮೂಗಿ ಎಂದು ತಾನೇ ಹೆಸರಿಟ್ಟಿದ್ದಳು. ಯಾರು ಯಾರನ್ನು ಯಾವ ಸುತ್ತಿನಲ್ಲಿ ಹೇಗೆ ಕೆಡವಿದರೆಂಬುದು ಮಾತ್ರ ಕರಾರುವಾಕ್ಕಾಗಿ ನೆನಪಿರುತ್ತಿತ್ತು. ಧಾರಾವಾಹಿ ನೋಡಬಾರದೇ ಎಂದು ಗಿರಾಕಿಯೊಬ್ಬರು ಕೇಳಿದ್ದಕ್ಕೆ, "ಅದ್ರಲ್ಲಿ ಅತ್ತೆ ಸೊಸೆ ಆರು ವರ್ಷ ಜಗಳ ಆಡ್ತರೆ, ಮುಗೂದೇ ಇಲ್ಲ. ಇದು ಹದಿನೈದು ನಿಮಿಷದಲ್ಲಿ ಆತು" ಎಂದಿದ್ದಳು.

ಮೊದಮೊದಲು ಆ ಗುದ್ದಿನ ಸದ್ದಿಗೆ ನನ್ನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಒಂದು ಮಧ್ಯಾಹ್ನ ಕಾರಣ ಕೇಳಿದಳು. ಗಂಡ ಹೊಡೆಯುತ್ತಿದ್ದುದನ್ನು ಅಮ್ಮನಿಗೂ ಪೂರ್ತಿ ಹೇಳಿರಲಿಲ್ಲ, ಅವಳಿಗೆ ಹೇಳಿದೆ. ಸಮಾಧಾನದ ಒಂದು ಮಾತಿಲ್ಲ. ಬಾಯಿಂದ ಸೂಜಿಗಳನ್ನು ತೆಗೆದಿಟ್ಟು, "ನಿನ್ನ ಮನೇಲಿ ರೆಫ್ರಿ ಇರ್ಲಿಲ್ಲ. ಇಲ್ಲಿ ಇದ್ದ. ಅವನ್ನ ನೋಡು" ಎಂದಳಷ್ಟೆ. ಮುಂದಿನ ಭಾನುವಾರದಿಂದ ನಾನು ರೆಫ್ರಿಯನ್ನೇ ನೋಡತೊಡಗಿದೆ. ಬಿದ್ದವನ ಮೇಲೆ ಅಡ್ಡ ಬೀಳುವ ಆ ಕಪ್ಪು ಅಂಗಿಯವನನ್ನು ನೋಡುತ್ತ ನೋಡುತ್ತ ನನ್ನ ಕಾಲು ನಿಲ್ಲುವುದು ತಪ್ಪಿತು. ಇದೊಂದು ಅವಳಿಂದ ನನಗಾದ ಉಪಕಾರ. ಇಲ್ಲವೆನ್ನುವುದಿಲ್ಲ.

ಉಳಿದದ್ದೆಲ್ಲ ಬೈಗುಳ. ತೋಳು ಕೂರಿಸುವಾಗ ಎಳೆ ಆಚೀಚೆಯಾದರೆ, ಮುಖಕ್ಕೆ ಅಡ್ಡ ಹಿಡಿದ ಕೈ ಇಳಿಸಿ ಗುದ್ದು ತಿಂದ ಆಟಗಾರನಿಗೆ ಹೇಳುವಂತೆ, ಗಿರಾಕಿಗಳ ಎದುರೇ "ಗಾರ್ಡ್ ಇಳ್ಸಿದೆ, ತಿಂದೆ" ಎನ್ನುವಳು. ನಾನು ಹೊಲಿದದ್ದನ್ನು ಒಳಮೈ ಹೊರಗೆ ಮಾಡಿ ಬೆಳಕಿಗೆ ಹಿಡಿಯುವಳು. ಚೆನ್ನಾಗಿದೆ ಎಂಬ ಶಬ್ದ ಮೂರು ವರ್ಷದಲ್ಲಿ ಆ ಬಾಯಿಂದ ಬರಲಿಲ್ಲ.

ಪಕ್ಕದಂಗಡಿಯ ವಾಚ್ ರಿಪೇರಿಯವರು ಒಮ್ಮೆ, ಹೆಂಗಸರು ಬರುವ ಜಾಗದಲ್ಲಿ ಚಡ್ಡಿ ಹಾಕಿದ ಗಂಡಸರನ್ನು ನೋಡುತ್ತ ಕೂರುವುದು ಸರಿಯಲ್ಲ, ಓಣಿಯಲ್ಲಿ ಮಾತಾಗುತ್ತಿದೆ ಎಂದು ತಿಳಿಹೇಳಲು ಬಂದರು. ಯಮುನಕ್ಕ ಮುಂದಿನ ಭಾನುವಾರ ಮೊಬೈಲನ್ನು ಓಣಿಯ ಕಡೆ ತಿರುಗಿಸಿ ಬಾಗಿಲಲ್ಲೇ ಇಟ್ಟಳು. ಗಂಡಸರು ಒಬ್ಬೊಬ್ಬರಾಗಿ ನಿಂತರು. ವಾಚಿನವರೂ ಕಣ್ಣಿನ ಭೂತಗನ್ನಡಿ ಹಣೆಗೇರಿಸಿಕೊಂಡು ಬಂದು ನಿಂತರು. ಎರಡನೇ ಸುತ್ತು ಕಾವೇರುತ್ತಿದ್ದಾಗ ಅವಳು ಮೊಬೈಲ್ ಎತ್ತಿ ಒಳಗಿಟ್ಟು, ಬ್ಲೌಸ್ ಹೊಲಿಸುವವರು ಮಾತ್ರ ನಿಲ್ಲಿ ಎಂದಳು. ಅಂದು ಸಂಜೆಯವರೆಗೂ ನನಗೆ ಅವಳು ಇಷ್ಟವಾಗಿದ್ದಳು.

ಚಪ್ಪೆಮೂಗಿ ಬ್ರೆಜಿಲಿನ ಹೆಣ್ಣು. ಯಮುನಕ್ಕನಿಗೆ ಅವಳೆಂದರೆ ಜೀವ. ಅವಳು ಪಟ್ಟಕ್ಕಾಗಿ ಕಾದುವ ಭಾನುವಾರ, ಹೊನ್ನಾವರದ ಮದುಮಗಳೊಬ್ಬಳ ಬ್ಲೌಸ್ ಒಯ್ಯಲು ಅವಳ ತಾಯಿ ಬಂದು ಕೂತಿದ್ದರು. ನಾನು ಹುಕ್ಕು ಹಚ್ಚುತ್ತಿದ್ದೆ. ಮೂರನೇ ಸುತ್ತಿನಲ್ಲಿ ಎದುರಾಳಿ ಚಪ್ಪೆಮೂಗಿಯ ತೋಳನ್ನು ತನ್ನ ಎರಡು ತೊಡೆಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಬಗ್ಗಿಸಿದಳು. ಇವಳು ತಟ್ಟಲಿಲ್ಲ. ತೋಳು ಆಗಬಾರದ ಕಡೆಗೆ ಮಡಚಿತು. ರೆಫ್ರಿ ಹಾರಿ ಬಿಡಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಮುನಕ್ಕ ಎದ್ದು ನಿಂತಳು. ನನ್ನ ಬಾಯಿಂದ, ತಟ್ಟಬಹುದಿತ್ತಲ್ಲ ಎಂಬ ಮಾತು ಬಂದುಹೋಯಿತು.

ಅವಳು ನನ್ನತ್ತ ತಿರುಗಿದಳು. "ನೀನಾಗಿದ್ರೆ ತಟ್ತಿದ್ದೆ. ಗಂಡನ ಮನೇಲೂ ತಟ್ಟೇ ಬಂದವಳಲ್ವಾ ನೀನು."

ಮದುಮಗಳ ತಾಯಿ ನೆಲ ನೋಡಿದರು. ಮೂರು ಹುಕ್ಕು ಬಾಕಿ ಇದ್ದ ಬ್ಲೌಸನ್ನು ಮಷಿನ್ ಮೇಲಿಟ್ಟು ನಾನು ಎದ್ದು ಬಂದೆ.

ಎರಡು ತಿಂಗಳಿಗೆ ಅದೇ ಓಣಿಯಲ್ಲಿ, ಅವಳ ಬಾಗಿಲಿಗೆ ನೇರ ಎದುರು ಅಂಗಡಿ ತೆರೆದೆ. ಬೇರೆ ಕಡೆ ಜಾಗ ಸಿಗುತ್ತಿತ್ತು. ಬೇಕೆಂದೇ ಅಲ್ಲಿ ಹಿಡಿದೆ. ಯಮುನಕ್ಕನ ಕಣ್ಣು ಈಗ ಹೊಡೆದಾಟದ ಮೇಲೆ, ಬಟ್ಟೆಯ ಮೇಲಿಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದೆ. ಅದು ಸುಳ್ಳು. ಅವಳ ಕೈಯಿಂದ ಕೆಟ್ಟ ಬಟ್ಟೆಯನ್ನು ನಾನು ಕಂಡೇ ಇಲ್ಲ. ಆದರೆ ಜನ ನಂಬಿದರು, ಒಂದೊಂದೇ ಮನೆ ನನ್ನ ಕಡೆಗೆ ಬಂತು. ಅವಳೂ ಸುಮ್ಮನಿರಲಿಲ್ಲ. ನಾನು ಹೊಲಿದ ಬ್ಲೌಸನ್ನು ಯಾರಾದರೂ ಸರಿಮಾಡಿಸಲು ಅವಳ ಬಳಿ ಒಯ್ದರೆ, ತಪ್ಪಿದ್ದಲ್ಲೆಲ್ಲ ಸೂಜಿ ಚುಚ್ಚಿ ಇಡೀ ದಿನ ಬಾಗಿಲಿಗೆ ನೇತುಹಾಕುತ್ತಿದ್ದಳು. ಹೀಗೆ ನಾಲ್ಕು ವರ್ಷ. ಎದುರುಬದುರು ಕೂತು ಒಂದು ಮಾತಿಲ್ಲ.

ಆಮೇಲೊಂದು ದಿನ ಅವಳ ಬಾಗಿಲು ತೆರೆಯಲಿಲ್ಲ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ, ಕತ್ತರಿ ಹಿಡಿಯಲಾಗುವುದಿಲ್ಲ, ಗೇರುಸೊಪ್ಪದ ತಂಗಿಯ ಮನೆಗೆ ಹೋಗುತ್ತಾಳಂತೆ ಎಂದು ವಾಚಿನವರು ಹೇಳಿದರು. ಹೊರಡುವ ಹಿಂದಿನ ವಾರ ಅವಳು ಓಣಿ ದಾಟಿ ನನ್ನ ಅಂಗಡಿಗೆ ಬಂದಳು. ಕಪ್ಪು ಬ್ಲೌಸ್ ಪೀಸನ್ನು ಮೇಜಿನ ಮೇಲಿಟ್ಟು, "ನಂಗೆ ಹೊಲಿಯೂಕೆ ಆಗೂದಿಲ್ಲ. ನೀ ಹೊಲಿ" ಎಂದಳು.

ಅಳತೆ ತೆಗೆದೆ. ಆ ಬಲಗೈಯನ್ನು ನಾನೇ ಎತ್ತಿ ಹಿಡಿಯಬೇಕಾಯಿತು. ಟೇಪು ಸಡಿಲ ಹಿಡಿದಿದ್ದೇನೆ ಎಂದು ಆಕ್ಷೇಪಿಸಿದಳು. ನಾನು ಹಬ್ಬಿಸಿದ ಸುಳ್ಳಿನ ವಿಷಯ ನಾನು ಎತ್ತಲಿಲ್ಲ, ಅವಳಂದ ಮಾತನ್ನು ಅವಳು ಎತ್ತಲಿಲ್ಲ. ಮಾರನೇ ದಿನ ಬಂದು ಬ್ಲೌಸನ್ನು ಎಡಗೈಯಲ್ಲೇ ಒಳಮೈ ಹೊರಗೆ ಮಾಡಿ, ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ಕಂಕುಳಲ್ಲಿ ಬಿಗಿ" ಎಂದಳು. ಹಾಕಿ ನೋಡಿಯೇ ಇರಲಿಲ್ಲ. ಹಾಗೇ ತೆಗೆದುಕೊಂಡು ಹೋದಳು. ಮತ್ತೆ ಅವಳನ್ನು ನಾನು ಕಾಣಲಿಲ್ಲ.

ಕಳೆದ ವರ್ಷ ಅವಳ ತಂಗಿ ಒಂದು ಚೀಲ ಬಟ್ಟೆ ಹಿಡಿದು ಬಂದರು. ಅಕ್ಕ ತೀರಿಕೊಂಡು ಮೂರು ತಿಂಗಳಾಯಿತು, ಅವಳ ಬ್ಲೌಸುಗಳನ್ನು ತನ್ನ ಅಳತೆಗೆ ಬಿಡಿಸಿಕೊಡಬೇಕು ಎಂದರು. ಕಪ್ಪು ಬ್ಲೌಸ್ ಎಲ್ಲಕ್ಕಿಂತ ಹೆಚ್ಚು ಮಾಸಿತ್ತು. "ಇದನ್ನೇ ಹಾಕ್ಕಂಡು ನಿಂಗೆ ಬಯ್ತಾ ಇತ್ತು ಅಕ್ಕ" ಎಂದರು ತಂಗಿ, ಬೇಸರವಿಲ್ಲದೆ.

ಕಂಕುಳಲ್ಲಿ ನನ್ನ ಹೊಲಿಗೆ ಇರಲಿಲ್ಲ. ಬಿಚ್ಚಿ, ಎಡಗೈಯಲ್ಲಿ ಸೂಜಿ ಹಿಡಿದು ಸೊಟ್ಟಸೊಟ್ಟಗೆ ಮತ್ತೆ ಹೊಲಿದಿದ್ದಳು. ಟೇಪು ಹಿಡಿದು ನೋಡಿದೆ. ನಾನು ಹೊಲಿದಿದ್ದ ಗೆರೆಯೇ, ನಾನಿಟ್ಟ ಅಳತೆಯೇ. ನೂಲೆಳೆಯಷ್ಟೂ ಸಡಿಲ ಮಾಡಿರಲಿಲ್ಲ. ಬಿಗಿಯಿಲ್ಲವೆಂದು ಗೊತ್ತಾದ ಮೇಲೂ ಒಂದು ಮಾತು ಹೇಳಿ ಕಳಿಸಲಿಲ್ಲವಲ್ಲ ಎಂದು ಸಿಟ್ಟು ಉಕ್ಕಿ ಬಂತು. ತಂಗಿ ಅಕ್ಕನಿಗಿಂತ ದಪ್ಪ. ಆ ಹೊಲಿಗೆ ತೆಗೆಯದೆ ದಾರಿಯಿರಲಿಲ್ಲ. ಬ್ಲೇಡ್ ತೆಗೆದುಕೊಂಡು ಒಂದೊಂದೇ ಎಳೆ ಬಿಚ್ಚಿದೆ. ಬೇಗ ಮುಗಿಯಲಿಲ್ಲ. ಬಹಳ ಗಟ್ಟಿಯಾಗಿ ಹೊಲಿದಿದ್ದಳು.