ಗ್ರೂಪಿಗೆ ಒತ್ತಿದ ಹೆಬ್ಬೆಟ್ಟು

ಎರ್ನಾಕುಲಕ್ಕೆ ಬಂದು ಒಂಬತ್ತು ವರ್ಷವಾದ ಸುಮಿತ್ರಳ ಮಲಯಾಳಂ ಕೇಳಿದರೆ ಆಟೋದವರೂ ಅವಳನ್ನು ಅಲ್ಲಿಯವಳೇ ಅಂದುಕೊಳ್ಳುತ್ತಿದ್ದರು. ಓದಲು ಮಾತ್ರ ಒಂದಕ್ಷರ ಬಾರದು. ಗಂಡ ನಟರಾಜನದು ಬ್ಯಾಂಕಿನ ಕೆಲಸ. ಮುಂದಿನ ವರ್ಷ ಹೇಗೂ ಮೈಸೂರಿಗೆ ವರ್ಗ, ಈ ಲಿಪಿ ಕಲಿತು ಏನಾಗಬೇಕು ಎಂದು ಪ್ರತಿ ವರ್ಷವೂ ಅಂದುಕೊಂಡಿದ್ದಳು. ಬಾರದು ಎಂದು ಒಪ್ಪಿಕೊಳ್ಳಲು ಎಂ.ಎ. ಮಾಡಿದ ಜಂಬ ಬಿಡಬೇಕಲ್ಲ! ಫ್ಲ್ಯಾಟಿನವರ ವಾಟ್ಸಾಪ್ ಗ್ರೂಪಿನಲ್ಲಿ ಏನೇ ಬರಲಿ, ಓದಿದವಳ ಹಾಗೆ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಮುಗಿಸುವಳು.

ಅವತ್ತು ಬೆಳಿಗ್ಗೆಯೂ ಒತ್ತಿದಳು. ಮೈಸೂರಿನಿಂದ ಬಂದಿದ್ದ ಅತ್ತೆ ಸರೋಜಮ್ಮ ಲೋಟ ಮೂಗಿನ ಹತ್ತಿರ ಹಿಡಿದು, ನೀರು ಯಾಕೋ ಘಾಟು, ಗ್ರೂಪಿನಲ್ಲಿ ಏನಾದರೂ ಬಂದಿದೆಯಾ ನೋಡು ಎಂದರು.

"ಓದಿದೆ ಅತ್ತೆ, ಏನೂ ಇಲ್ಲ. ಇಲ್ಲಿಯ ನೀರೇ ಹೀಗೆ."

ಸರೋಜಮ್ಮ ಮಾತ್ರೆ ನುಂಗಿ ಲೋಟ ಖಾಲಿ ಮಾಡಿದರು. ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ಉರಿ, ಮೇಲಿಂದ ಮೇಲೆ ವಾಂತಿ. ನಟರಾಜ ಆಲುವದ ಶಾಖೆಯಲ್ಲಿದ್ದ, ಫೋನ್ ಎತ್ತಲಿಲ್ಲ. ಸುಮಿತ್ರ ಅತ್ತೆಯನ್ನು ಆಟೋದಲ್ಲಿ ಒರಗಿಸಿಕೊಂಡು ಆಸ್ಪತ್ರೆಗೆ ಧಾವಿಸಿದಳು.

ಡಾಕ್ಟರು ಸೂಜಿ ಚುಚ್ಚುತ್ತಲೇ ವಿಚಾರಿಸಿದರು. ಅವಳು ಪಟಪಟನೆ ಮಲಯಾಳಂನಲ್ಲೇ ಎಲ್ಲ ಹೇಳಿದಳು. ನೀರಿಗೆ ಏನಾದರೂ ಹಾಕಿದ್ದರೇ ಎಂದಾಗ, ಬೆಳಿಗ್ಗೆ ಒಂದು ಮೆಸೇಜ್ ಬಂದಿತ್ತು ಎಂಬ ಮಾತು ಬಾಯಿಂದ ಜಾರಿತು. "ಬೇಗ ಓದಿ ಹೇಳಿ, ಅಕ್ಕಾ," ಎಂದರು ಡಾಕ್ಟರು, ತಲೆ ಎತ್ತದೆ.

ಸುಮಿತ್ರ ಫೋನಿನಲ್ಲಿ ಗ್ರೂಪು ತೆರೆದಳು. ಮಂಚದಿಂದ ಅತ್ತೆ ನೋಡುತ್ತಿದ್ದರು. ಸೊಸೆ ಮಲಯಾಳಂ ಪೇಪರ್ ಓದುತ್ತಾಳೆ ಎಂದು ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ಬಂದವರು ಅವರು.

"ನನಗೆ ಓದೋಕೆ ಬರಲ್ಲ," ಎಂದಳು ಸುಮಿತ್ರ. ಮೊದಲು ಕನ್ನಡದಲ್ಲೇ ಬಂತು. ಆಮೇಲೆ ಮಲಯಾಳಂನಲ್ಲಿ ಹೇಳಿದಳು.

ನರ್ಸ್ ಫೋನು ಇಸಿದುಕೊಂಡು ಓದಿದಳು: ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದೆ, ಸಂಜೆಯವರೆಗೆ ಯಾರೂ ನೀರು ಕುಡಿಯಬೇಡಿ. ಕೆಳಗೆ ಮೊದಲ ಹೆಬ್ಬೆಟ್ಟು ಸುಮಿತ್ರಳದೇ.

ಸಂಜೆಗೆ ವಾಂತಿ ನಿಂತಿತು, ಗಂಡಾಂತರವಿಲ್ಲ ಎಂದರು ಡಾಕ್ಟರು. ಸುಮಿತ್ರ ಮಂಚದ ಕಂಬಿ ಹಿಡಿದು ಅತ್ತಳು. ಸರೋಜಮ್ಮ ಬೈಯಲಿಲ್ಲ.

"ಬರಲ್ಲ ಅಂದಿದ್ರೆ ಆಗ್ತಿತ್ತಲ್ಲೇ. ನೀರು ಘಾಟು ಅಂತ ನಂಗೆ ಗೊತ್ತಾಗಿತ್ತು. ಓದಿದೆ ಅಂದ್ಯಲ್ಲ, ಅದಕ್ಕೇ ಕುಡಿದೆ."