ಅಕ್ಬರಿ ಕಳಿಸಿದ ಹನ್ನೊಂದು ಸೆಕೆಂಡ್

ಬಸವಕಲ್ಯಾಣದಲ್ಲಿ ಅಕ್ಬರಿಯಷ್ಟು ಹೆಂಗಸರ ಮುಖ ನೋಡಿದವರು ಇನ್ನೊಬ್ಬರಿಲ್ಲ. ಅಕ್ಬರಿಯ ಮುಖ ನೋಡಿದವರು ಬೆರಳೆಣಿಕೆಯಷ್ಟು. ಶಾಹಿದ್‌ನ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕೂತು, ಹದಿನಾಲ್ಕು ವರ್ಷದಿಂದ ಮದುವೆಗಳ ಜನಾನಾ, ಅಂದರೆ ಹೆಂಗಸರ ಕಡೆಯ ವಿಡಿಯೊ ಎಡಿಟ್ ಮಾಡುತ್ತಾಳೆ. ಬಾಗಿಲಿಗೆ ಒಳಚಿಲಕ. ಮಾಲೀಕ ಶಾಹಿದ್ ಕೂಡ ಹೊರಗೇ ನಿಂತು ಚಹಾ ಕೊಡಬೇಕು. ತೋರಿಸಬೇಡಿ ಎಂದವರ ಮುಖವನ್ನು ಮಸುಕು ಮಾಡಿದ ಮೇಲೆಯೇ ವಿಡಿಯೊ ಹೊರಗೆ ಹೋಗುವುದು. ಆ ನಂಬಿಕೆಗೇ ಹುಮನಾಬಾದಿನಿಂದಲೂ ಮದುವೆಯವರು ಹುಡುಕಿಕೊಂಡು ಬರುತ್ತಾರೆ.

ಅವಳು ಬಳಸುವ ಸಾಫ್ಟ್‌ವೇರ್ ಒಬ್ಬರ ಸ್ವತ್ತಲ್ಲ; ದೇಶದೇಶದ ಜನ ಸೇರಿ ಪುಕ್ಕಟೆ ಬರೆದದ್ದು. ಯಾರಾದರೂ ಹೊಸ ತಿದ್ದುಪಡಿ ಕಳಿಸಿದಾಗ ಅದನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡಿಸಿ ನೋಡಿ ವರದಿ ಬರೆಯುವುದು ಅಕ್ಬರಿ ತಾನಾಗಿ ಹಚ್ಚಿಕೊಂಡ ಚಟ. ಕೋಣೆಯಲ್ಲಿ ಮೂರೂ ಇದ್ದವಲ್ಲ!

ಈ ಸಲ ಬಂದದ್ದು ಮಸುಕು ಮಾಡುವುದನ್ನು ಚುರುಕುಗೊಳಿಸುವ ತಿದ್ದುಪಡಿ. ಎರಡರಲ್ಲಿ ಪಾಸು. ಮ್ಯಾಕ್‌ನಲ್ಲಿ ಮಾತ್ರ, ಓಢಣಿ ಸರಿದು ಮುಖ ಹೊರಬಂದ ಕ್ಷಣ ಮಸುಕು ಕಳಚಿ ಬೀಳುತ್ತಿತ್ತು. ಒಂದೇ ಕ್ಷಣ. ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುವವರಿಗೆ ಅಷ್ಟೇ ಸಾಕು.

ಅಕ್ಬರಿ ವರದಿ ಬರೆದಳು. "ನಮ್ಮಲ್ಲಿ ಹಾಗಾಗುತ್ತಿಲ್ಲ. ಎಲ್ಲರೂ ನೋಡುವ ನಮ್ಮ ಪುಟಕ್ಕೆ ಮಾದರಿ ವಿಡಿಯೊ ಕಳಿಸಿ, ಇಲ್ಲದಿದ್ದರೆ ಶುಕ್ರವಾರ ಬಿಡುಗಡೆ" ಎಂದು ಸಾಫ್ಟ್‌ವೇರ್ ನೋಡಿಕೊಳ್ಳುವವರಿಂದ ಉತ್ತರ ಬಂತು. ಏನಂತ ಕಳಿಸುವುದು? ಅವಳಲ್ಲಿದ್ದವೆಲ್ಲ ಕೋಣೆ ದಾಟಿಸೆನೆಂದು ಮಾತು ಕೊಟ್ಟ ಮುಖಗಳೇ. ಕಳಿಸಿದರೆ ಕೊಟ್ಟ ಮಾತು ಹೋಯಿತು. ಸುಮ್ಮನಿದ್ದರೆ ಇದೇ ಸಾಫ್ಟ್‌ವೇರ್ ಬಳಸುವ ಹುಮನಾಬಾದಿನ ಸೈಫುದ್ದೀನನ ಸ್ಟುಡಿಯೊದಿಂದ ಹಿಡಿದು ಎಲ್ಲೆಲ್ಲಿಯ ಮ್ಯಾಕ್‌ಗಳಲ್ಲೋ ಇಂಥವೇ ಮುಖಗಳು ಬಯಲಿಗೆ. ಎತ್ತ ಹೊರಳಿದರೂ ಗೋಡೆ.

"ನಾನ ಓಢಣಿ ಹೊದ್ದು ಕೂಡ್ತೀನ್ರಿ ಆಪಾ," ಎಂದ ಶಾಹಿದ್. ಫೋನಿನ ಮುಂದೆ ಕೂತೂ ಬಿಟ್ಟ. ಓಢಣಿ ಸರಿಸಿದರೂ ಅವನ ಪೊದೆ ಮೀಸೆಯ ಒಂದು ಕೂದಲೂ ಕಾಣದಂತೆ ಮ್ಯಾಕ್ ಅಚ್ಚುಕಟ್ಟಾಗಿ ಮುಚ್ಚಿತು!

"ಇದು ನಿಮ್ಮ ಮರ್ಯಾದಿ ಅಷ್ಟ ಕಾಯ್ತದ ನೋಡ್ರಿ," ಎಂದಳು ಅಕ್ಬರಿ.

ತಂಗಿ ಅತಿಯಾಳನ್ನು ಕೇಳಿದಳು. "ದುನಿಯಾ ಎಲ್ಲಾ ನೋಡ್ತದ. ನಾ ಒಲ್ಲೆ ಆಪಾ," ಎಂದಳು ಅವಳು. ಅವಳದೇನು ತಪ್ಪು? ಅಕ್ಬರಿ ಈ ಕೆಲಸ ಕಲಿತು ಮೊಟ್ಟಮೊದಲು ಮಸುಕು ಮಾಡಿದ್ದೇ ತನ್ನ ಮದುವೆಯ ವಿಡಿಯೊದಲ್ಲಿ ತನ್ನ ಮುಖವನ್ನು.

ಗುರುವಾರ ಮಧ್ಯಾಹ್ನ ಚಿಲಕ ಹಾಕಿ, ಫೋನ್ ಎದುರಿಗಿಟ್ಟು, ಓಢಣಿ ಸರಿಸಿದಳು. ಹನ್ನೊಂದು ಸೆಕೆಂಡ್. ಮ್ಯಾಕ್‌ಗೆ ಹಾಕಿದಳು, ಮಸುಕು ಕಳಚಿತು. ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಕಳಿಸುವಾಗ 'ಯಾರು ಬೇಕಾದರೂ ಬಳಸಬಹುದು' ಎಂಬುದಕ್ಕೆ ಒಪ್ಪಿಗೆ ಹಾಕದೆ ಮುಂದೆ ಹೋಗುವಂತಿರಲಿಲ್ಲ. ಹಾಕಿದಳು. ದೋಷ ಸಿಕ್ಕ ಮೇಲೆ ಅಳಿಸಿಬಿಡುತ್ತಾರೆ ಅಂದುಕೊಂಡಳು, ಪಾಪ.

ಬಿಡುಗಡೆ ನಿಂತಿತು, ದೋಷ ಸರಿಹೋಯಿತು. ಇನ್ನು ಅಳಿಸಿ ಎಂದು ಬರೆದಳು. ಉತ್ತರ ಬಹಳ ಮರ್ಯಾದೆಯದು. ಇನ್ನು ಮುಂದೆ ಯಾರು ಯಾವ ತಿದ್ದುಪಡಿ ಕಳಿಸಿದರೂ ಮೂರು ಬಗೆಯ ಕಂಪ್ಯೂಟರಿನಲ್ಲೂ ಮೊದಲ ಪರೀಕ್ಷೆ ಈ ವಿಡಿಯೊದ ಮೇಲೆಯೇ. ಬೇಡವೆಂದರೆ ತೆಗೆಯುತ್ತೇವೆ, ಆದರೆ ಆ ದೋಷ ಮರಳಿ ಬಂದರೆ ನಮಗೆ ಗೊತ್ತಾಗುವುದಿಲ್ಲ.

"ತೆಗೀರಿ ಅಂತ ಬರದು ಬಿಡ್ರಿ ಆಪಾ," ಎಂದ ಶಾಹಿದ್ ಬಾಗಿಲಾಚೆಯಿಂದ.

"ಹ್ಯಾಂಗ ಬರೀಲ್ರಿ? ನಂದೊಂದು ಮುಚ್ಚಿದ್ರ ಅವರೆಲ್ಲಾರ್ದೂ ಬಯಲಾಗ್ತದ."

ಆ ದಿನ ಹೊಸ ತಿದ್ದುಪಡಿಯೊಂದು ಬಂದಿತ್ತು. ಅಕ್ಬರಿ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಮತ್ತೊಮ್ಮೆ ನೋಡಿ, ಮ್ಯಾಕ್ ಮುಂದೆ ಕೂತು, ತನ್ನ ಮುಖವನ್ನು ಪರೀಕ್ಷೆಗೆ ಹಚ್ಚಿದಳು.